ಬೈಲೀನಿಯರ್ ಇಂಟರ್‌ಪೊಲೇಷನ್: ನಾಲ್ಕು ಮೂಲೆ ಗೊತ್ತು, ನಡುವಿನ ಎತ್ತರ ಎಷ್ಟು?

ತೋಟದ ಹುಡುಗ
ಎಲ್ಲರಿಗೂ ನಮಸ್ಕಾರ. ನಮ್ಮ ತೋಟ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೋಗುವಾಗ ಆನಗೋಡು ಕಡೆ ಇದೆ. ಬೋರ್‌ವೆಲ್ ಕೆಳಗೆ, ಅಡಿಕೆ ಸಸಿ ಇಟ್ಟಿರುವುದು ಮೇಲಿನ ಇಳಿಜಾರಿನಲ್ಲಿ. ನಡುವೆ ಪೈಪ್‌ಲೈನ್ ಎಳೆಯಬೇಕು. ಮೋಟರ್ ತೆಗೆದುಕೊಳ್ಳುವ ಮುಂಚೆ ಎಷ್ಟು ಮೀಟರ್ ಏರು ಇದೆ ಅಂತ ಅಂದಾಜು ಬೇಕಿತ್ತು. ನಾಸಾದ ಎಸ್‌ಆರ್‌ಟಿಎಂ ಎತ್ತರದ ಫೈಲ್ ಇಳಿಸಿಕೊಂಡು, ಪೈಥಾನ್‌ನಲ್ಲಿ ಸಣ್ಣ ಪ್ರೋಗ್ರಾಂ ಬರೆದೆ. ಪೈಪ್ ಹಾದಿಯಲ್ಲಿ ಹತ್ತು ಮೀಟರಿಗೊಂದು ಜಾಗ, ಪ್ರತಿ ಜಾಗಕ್ಕೂ ಹತ್ತಿರದ ಪಾಯಿಂಟಿನ ಎತ್ತರ. ಅಷ್ಟೇ.

ಗ್ರಾಫ್ ನೋಡಿದರೆ ಮೆಟ್ಟಿಲು ಮೆಟ್ಟಿಲು. ಸ್ವಲ್ಪ ದೂರ ಒಂದೇ ಎತ್ತರ, ಆಮೇಲೆ ದಿಢೀರ್ ಅಂತ ಏಳೆಂಟು ಮೀಟರ್ ಜಿಗಿತ. ನಮ್ಮ ಹೊಲದಲ್ಲಿ ಅಂಥ ಗೋಡೆ ಎಲ್ಲೂ ಇಲ್ಲ! ಗೆಳೆಯನೊಬ್ಬ 'ಬೈಲೀನಿಯರ್ ಹಾಕು' ಅಂದ. ಹಾಕಿದರೆ ಗ್ರಾಫ್ ನುಣುಪಾಯಿತು. ಆದರೆ ಒಳಗೆ ಏನು ನಡೆಯುತ್ತಿದೆ, ನಂಬಬಹುದಾ, ಗೊತ್ತಿಲ್ಲ. ಒಂದು ಚೌಕದ ನಾಲ್ಕು ಮೂಲೆ ಹೀಗಿವೆ: ನೈಋತ್ಯ 642, ಆಗ್ನೇಯ 650, ವಾಯವ್ಯ 638, ಈಶಾನ್ಯ 656. ನನಗೆ ಬೇಕಾದ ಜಾಗ ಪಶ್ಚಿಮದ ಅಂಚಿನಿಂದ ಪೂರ್ವಕ್ಕೆ ಕಾಲು ಭಾಗ, ದಕ್ಷಿಣದಿಂದ ಉತ್ತರಕ್ಕೆ 0.6 ಭಾಗ. ಯಾರಾದರೂ ಬಿಡಿಸಿ ಹೇಳುತ್ತೀರಾ?

ನಕ್ಷೆ ಅಕ್ಕ
ಅಂಕಿ ಕೊಟ್ಟು ಕೇಳಿದ್ದು ಒಳ್ಳೆಯದಾಯಿತು. ಪೆನ್ನು ಹಾಳೆ ತೆಗೆದುಕೊಳ್ಳಿ, ಎರಡೇ ನಿಮಿಷದ ಕೆಲಸ.

ಮೊದಲು ದಕ್ಷಿಣದ ಅಂಚು. 642ರಿಂದ 650ಕ್ಕೆ 8 ಮೀಟರ್ ಏರು. ನೀವು ಕಾಲು ಭಾಗ ಬಂದಿದ್ದೀರಿ, ಅಂದರೆ 2 ಮೀಟರ್ ಏರಿದಿರಿ. 644. ಈಗ ಉತ್ತರದ ಅಂಚು. 638ರಿಂದ 656ಕ್ಕೆ 18 ಮೀಟರ್, ಅದರಲ್ಲಿ ಕಾಲು ಭಾಗ 4.5. 642.5. ಈಗ ನಿಮ್ಮ ಜಾಗದ ನೇರ ಕೆಳಗೆ ಒಂದು ಎತ್ತರ, ನೇರ ಮೇಲೆ ಒಂದು ಎತ್ತರ ಸಿಕ್ಕಿತು. 644ರಿಂದ 642.5ಕ್ಕೆ 1.5 ಇಳಿಯಬೇಕು, ನೀವು 0.6 ಭಾಗ ಹೋಗಿದ್ದೀರಿ, 0.9 ಇಳಿಯಿತು. ಉತ್ತರ 643.1.

ಇಷ್ಟೇ ಬೈಲೀನಿಯರ್. ಒಂದು ದಿಕ್ಕಿನಲ್ಲಿ ಎರಡು ಸಲ ನೇರ ಗೆರೆ, ಇನ್ನೊಂದು ದಿಕ್ಕಿನಲ್ಲಿ ಒಂದು ಸಲ. ಉತ್ತರ-ದಕ್ಷಿಣ ಮೊದಲು ಮಾಡಿದರೂ ಉತ್ತರ ಬದಲಾಗುವುದಿಲ್ಲ. ಪಶ್ಚಿಮದ ಅಂಚಿನಲ್ಲಿ 639.6, ಪೂರ್ವದಲ್ಲಿ 653.6, ಅವುಗಳ ನಡುವೆ ಕಾಲು ಭಾಗ ಹೋದರೆ ಮತ್ತೆ 643.1. ಮಾಡಿ ನೋಡಿ.

ನಿಮ್ಮ ಹಳೆಯ ಪ್ರೋಗ್ರಾಂ ಇದೇ ಜಾಗಕ್ಕೆ ವಾಯವ್ಯ ಮೂಲೆಯ 638 ಎತ್ತಿಕೊಡುತ್ತಿತ್ತು. ಹತ್ತಿರದ ಮೂಲೆ ಅದೇ ಅಲ್ವಾ. ಐದು ಮೀಟರ್ ವ್ಯತ್ಯಾಸ. ಮೋಟರ್ ಲೆಕ್ಕದಲ್ಲಿ ಅದು ಸುಮಾರು ಅರ್ಧ ಕೆಜಿ ಪ್ರೆಷರ್.

ತೋಟದ ಹುಡುಗ
ಇಷ್ಟೇನಾ! ಇಂಟರ್ನೆಟ್‌ನಲ್ಲಿ ಮ್ಯಾಟ್ರಿಕ್ಸ್ ಎಲ್ಲ ಬರೆದು ಹೆದರಿಸಿದ್ದರು. ಥ್ಯಾಂಕ್ಸ್ ಅಕ್ಕ.

ಮೆಕ್ಯಾನಿಕಲ್ ಆರನೇ ಸೆಮ್
ಅಯ್ಯೋ, ಇದು ನಾವು ಸ್ಟೀಮ್ ಟೇಬಲ್‌ನಲ್ಲಿ (ಆವಿಯ ಗುಣಗಳ ಪಟ್ಟಿ) ಮಾಡುವ ಡಬಲ್ ಇಂಟರ್‌ಪೊಲೇಷನ್ ಅಲ್ವಾ? 1.1 ಎಂಪಿಎ ಒತ್ತಡ, 220 ಡಿಗ್ರಿಗೆ ಎಂಥಾಲ್ಪಿ, ಅಂದರೆ ಆವಿಯ ಶಾಖದ ಅಂಕಿ, ಬೇಕು, ಟೇಬಲ್‌ನಲ್ಲಿ ಇರುವುದು 1.0 ಮತ್ತು 1.2 ಎಂಪಿಎ, 200 ಮತ್ತು 250 ಡಿಗ್ರಿ. 1.0ಕ್ಕೆ 2828.3, 2943.1; 1.2ಕ್ಕೆ 2816.1, 2935.6. ಎರಡು ಪ್ರೆಷರಿಗೂ 220ರ ಬೆಲೆ ತೆಗೆದು, ಅವುಗಳ ನಡುವೆ ಅರ್ಧ. 2869.1 ಬರುತ್ತದೆ. ಪರೀಕ್ಷೆಯಲ್ಲಿ ಇದಕ್ಕೆ ಎರಡು ಪುಟ ಖರ್ಚಾಗುತ್ತದೆ. ಇದಕ್ಕೆ ಬೈಲೀನಿಯರ್ ಅನ್ನುತ್ತಾರೆ ಅಂತ ಯಾರೂ ಹೇಳಲೇ ಇಲ್ಲ.

ಲೆವೆಲ್ ಮೇಷ್ಟ್ರು
ಅದೇ ತಮ್ಮಾ, ಅದೇ. ಆದರೆ ಸ್ಟೀಮ್ ಟೇಬಲ್‌ನಲ್ಲಿ ಒಂದು ಹಳ್ಳ ಇದೆ, ಅದನ್ನು ನೋಡಿಕೊಂಡು ಹೆಜ್ಜೆ ಇಡಬೇಕು. 1.4 ಮತ್ತು 1.6 ಎಂಪಿಎ ನಡುವೆ, 200 ಮತ್ತು 250 ಡಿಗ್ರಿ ನಡುವೆ ಇದೇ ಕೆಲಸ ಮಾಡಲು ಹೋಗು. 1.6 ಎಂಪಿಎಯಲ್ಲಿ ನೀರು ಕುದಿಯುವುದೇ 201 ಡಿಗ್ರಿ ದಾಟಿದ ಮೇಲೆ. ಅಂದರೆ 200 ಡಿಗ್ರಿಯ ಆ ಮೂಲೆಯಲ್ಲಿ ಆವಿ ಇಲ್ಲ, ಬಿಸಿನೀರು ಇದೆ. ಉಳಿದ ಮೂರು ಮೂಲೆಯಲ್ಲಿ 2800ರ ಮೇಲೆ, ಇಲ್ಲಿ 850 ಚಿಲ್ಲರೆ. ಈ ನಾಲ್ಕನ್ನೂ ಬೆರೆಸಿದರೆ ಬರುವ ಅಂಕಿ ಆವಿಯದೂ ಅಲ್ಲ, ನೀರಿನದೂ ಅಲ್ಲ. ನಾಲ್ಕು ಮೂಲೆಯೂ ಒಂದೇ ಜಾತಿಯ ವಸ್ತುವನ್ನು ಹೇಳುತ್ತಿವೆಯಾ ಅಂತ ಮೊದಲು ನೋಡು, ಆಮೇಲೆ ಗುಣಿಸು.

ತೋಟದ ಹುಡುಗನಿಗೂ ಇದು ಅನ್ವಯಿಸುತ್ತದೆ. ದಾರಿಯಲ್ಲಿ ಕೆರೆ ಏರಿ, ಕಲ್ಲು ಕ್ವಾರಿ ಇದ್ದರೆ ಬೈಲೀನಿಯರ್ ಅದನ್ನು ಸವರಿ ಇಳಿಜಾರು ಮಾಡಿಬಿಡುತ್ತದೆ.

ಕಾರ್ಬುರೇಟರ್ ಕಾಲ
ನಾನು ಗ್ಯಾರೇಜಿನವನು, ಗಣಿತ ಅಷ್ಟಕ್ಕಷ್ಟೇ. ಆದರೆ ಇಂಜೆಕ್ಷನ್ ಗಾಡಿಗಳ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಒಳಗೂ ಇದೇ ಕಥೆ ಅಂತ ಟ್ರೈನಿಂಗ್‌ನಲ್ಲಿ ಹೇಳಿದ್ದರು. ಒಂದು ಕಡೆ ಆರ್‌ಪಿಎಂ, ಇನ್ನೊಂದು ಕಡೆ ಥ್ರಾಟಲ್, ನಡುವೆ ಪೆಟ್ರೋಲ್ ಎಷ್ಟು ಹೊತ್ತು ಬಿಡಬೇಕು ಅನ್ನುವ ಟೇಬಲ್. ಗಾಡಿ ಯಾವಾಗಲೂ ಎರಡು ಸಾಲುಗಳ ನಡುವೆಯೇ ಓಡುತ್ತಿರುತ್ತದೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ಕಾರ್ಬುರೇಟರ್ ಬಿಚ್ಚುವ ಕೆಲಸವೇ ಕಮ್ಮಿ ಆಯಿತು ಬಿಡಿ. ನನ್ನ ಪ್ರಶ್ನೆ: ಆ ಟೇಬಲ್‌ನಲ್ಲಿ ಆರ್‌ಪಿಎಂ ಸಾಲು ಸಮ ಅಂತರದಲ್ಲಿ ಇರುವುದಿಲ್ಲ. ಐಡಲ್ ಹತ್ತಿರ ಒತ್ತೊತ್ತಾಗಿ, ಮೇಲೆ ಹೋದಂತೆ ದೂರ ದೂರ. ಆಗಲೂ ಈ ಲೆಕ್ಕ ನಡೆಯುತ್ತದಾ?

ನಕ್ಷೆ ಅಕ್ಕ
ನಡೆಯುತ್ತದೆ ಅಣ್ಣ. ಸಾಲು ಕಂಬಸಾಲು ಒಂದನ್ನೊಂದು ನೇರವಾಗಿ ದಾಟಬೇಕು, ಅಂದರೆ ಪ್ರತಿ ಮನೆಯೂ ಆಯತ ಆಗಿರಬೇಕು. ಅಷ್ಟು ಸಾಕು. ಒಂದೊಂದು ಆಯತದ ಅಳತೆ ಬೇರೆ ಬೇರೆ ಇದ್ದರೂ ತೊಂದರೆ ಇಲ್ಲ. ಆ ಮನೆಯೊಳಗೆ ನೀವು ಎಷ್ಟು ಭಾಗ ಬಂದಿದ್ದೀರಿ ಅನ್ನುವುದನ್ನು ಮಾತ್ರ ಆ ಮನೆಯ ಅಳತೆಯಲ್ಲಿ ಲೆಕ್ಕ ಹಾಕಬೇಕು. ವಕ್ರತೆ ಜಾಸ್ತಿ ಇರುವ ಕಡೆ ಸಾಲು ಒತ್ತಾಗಿ ಇಡುವುದು ಜಾಣತನವೇ. ನೇರ ಗೆರೆ ಎಳೆದು ಆಗುವ ತಪ್ಪು ಮನೆಯ ಅಗಲದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಅಗಲ ಅರ್ಧ ಮಾಡಿದರೆ ತಪ್ಪು ಹೆಚ್ಚುಕಮ್ಮಿ ಕಾಲಿಗೆ ಇಳಿಯುತ್ತದೆ.

ಸಂಜೆ ಕಾಲೇಜು
ಒಂದು ಅನುಮಾನ. ನಾಲ್ಕು ಬಿಂದುಗಳ ಮೇಲೆ ಒಂದು ಸಮತಲ ಕೂರುವುದಿಲ್ಲವಲ್ಲ? ಮೂರು ಬಿಂದುವಿಗೆ ಸಮತಲ ಸಿಗುತ್ತದೆ, ನಾಲ್ಕನೆಯದು ಎದ್ದೋ ಬಿದ್ದೋ ಇರುತ್ತದೆ. ಹಾಗಿದ್ದರೆ 'ಲೀನಿಯರ್' ಅಂತ ಹೇಗೆ ಕರೆಯುತ್ತಾರೆ?

ಲೆವೆಲ್ ಮೇಷ್ಟ್ರು
ಸರಿಯಾದ ಜಾಗಕ್ಕೆ ಕೈ ಹಾಕಿದಿರಿ. ಹುಡುಗನ ಚೌಕವನ್ನೇ ತೆಗೆದುಕೊಳ್ಳೋಣ. ಪೂರ್ವಕ್ಕೆ ಹೋದ ಭಾಗ 'ಪೂ', ಉತ್ತರಕ್ಕೆ ಹೋದ ಭಾಗ 'ಉ' ಅಂತ ಇಟ್ಟುಕೊಳ್ಳಿ.

ಎತ್ತರ = 642 + 8 × ಪೂ − 4 × ಉ + 10 × ಪೂ × ಉ

ಕೊನೆಯ ತುಂಡು ನೋಡಿ. ಪೂ ಮತ್ತು ಉ ಎರಡರ ಗುಣಲಬ್ಧ. ಅದೊಂದು ಇಲ್ಲದಿದ್ದರೆ ಸಮತಲ. ಅದು ಇರುವುದರಿಂದ ಮೇಲ್ಮೈ ತಿರುಚಿಕೊಂಡಿದೆ. ಹಗ್ಗದ ಮಂಚದ ಒಂದು ಕಾಲಿನ ಕೆಳಗೆ ಇಟ್ಟಿಗೆ ಇಟ್ಟು, ಚೌಕಟ್ಟು ತಿರುಚಿಕೊಂಡಿತು ಅಂದುಕೊಳ್ಳಿ. ಅಡ್ಡ ಹಗ್ಗವೂ ನೇರವೇ, ಉದ್ದ ಹಗ್ಗವೂ ನೇರವೇ, ಆದರೆ ಮಂಚ ಒಟ್ಟಾರೆ ಸಮತಟ್ಟಾಗಿಲ್ಲ. ಮೂಲೆಯಿಂದ ಮೂಲೆಗೆ ನೋಡಿದರೆ ಬಾಗು ಕಾಣುತ್ತದೆ. ಲೆಕ್ಕದಲ್ಲೂ ಹಾಗೆಯೇ. ನೈಋತ್ಯದಿಂದ ಈಶಾನ್ಯಕ್ಕೆ ಹೋದರೆ ಪೂ, ಉ ಎರಡೂ ಒಂದೇ, ಅದನ್ನು 'ತ' ಅನ್ನೋಣ: 642 + 4ತ + 10ತ². ವರ್ಗ ಬಂತಲ್ಲ, ಅದು ಪ್ಯಾರಾಬೋಲಾ. ಪೂರ್ವ-ಪಶ್ಚಿಮ ಹೋದರೆ ಲೀನಿಯರ್, ಉತ್ತರ-ದಕ್ಷಿಣ ಹೋದರೆ ಲೀನಿಯರ್. ಎರಡು ದಿಕ್ಕಿನಲ್ಲಿ ಲೀನಿಯರ್, ಅದಕ್ಕೆ 'ಬೈ'.

ಇನ್ನೊಂದು ರೀತಿಯಲ್ಲೂ ಬರೆಯಬಹುದು. ಪ್ರತಿ ಮೂಲೆಗೆ ಒಂದು ಪಾಲು. ಈ ಜಾಗಕ್ಕೆ ನೈಋತ್ಯದ ಪಾಲು 0.30, ಆಗ್ನೇಯ 0.10, ವಾಯವ್ಯ 0.45, ಈಶಾನ್ಯ 0.15. ಕೂಡಿದರೆ 1. ಯಾವ ಮೂಲೆಗೆ ಹತ್ತಿರವೋ ಅದಕ್ಕೆ ಜಾಸ್ತಿ. ಒಂದು ಪಾಲೂ ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ. ಆದ್ದರಿಂದ ಉತ್ತರ ಯಾವತ್ತೂ ನಾಲ್ಕು ಮೂಲೆಗಳ ಕನಿಷ್ಠ ಮತ್ತು ಗರಿಷ್ಠದ ನಡುವೆಯೇ ಇರುತ್ತದೆ. ಇದು ಬೈಲೀನಿಯರ್‌ನ ಗುಣವೂ ಹೌದು, ದೋಷವೂ ಹೌದು. ಇಲ್ಲದ ಗುಂಡಿ ತೋಡುವುದಿಲ್ಲ. ಆದರೆ ಚೌಕದ ನಡುವೆ ನಿಜವಾಗಿ ಒಂದು ಬಂಡೆ ತಲೆ ಎತ್ತಿದ್ದರೆ ಅದನ್ನು ಕಾಣಿಸುವುದೂ ಇಲ್ಲ. ನಮ್ಮ ದುರ್ಗದ ಬಂಡೆಗುಡ್ಡಗಳ ನೆತ್ತಿ ಇಂಥ ಫೈಲುಗಳಲ್ಲಿ ಸಾಮಾನ್ಯವಾಗಿ ಸವೆದೇ ಇರುತ್ತದೆ.

ಸಂಜೆ ಕಾಲೇಜು
ಹಾಗಾದರೆ ಚೌಕವನ್ನು ಎರಡು ತ್ರಿಕೋನ ಮಾಡಿದರೆ? ಆಗ ಸಮತಲವೇ ಸಿಗುತ್ತದಲ್ಲ.

ಲೆವೆಲ್ ಮೇಷ್ಟ್ರು
ಮಾಡುತ್ತಾರೆ, ಸರ್ವೆ ಕೆಲಸದಲ್ಲಿ ತ್ರಿಕೋನದ ಜಾಲ ಬಹಳ ಬಳಕೆಯಲ್ಲಿದೆ. ಆದರೆ ಚೌಕವನ್ನು ಯಾವ ಕರ್ಣದಲ್ಲಿ ಸೀಳುತ್ತೀರಿ? ಇದೇ ಚೌಕದ ನಟ್ಟನಡು ನೋಡಿ. ನೈಋತ್ಯ-ಈಶಾನ್ಯ ಸೀಳಿದರೆ 649. ಇನ್ನೊಂದು ಕರ್ಣ ಹಿಡಿದರೆ 644. ಬೈಲೀನಿಯರ್ 646.5 ಅನ್ನುತ್ತದೆ. ಐದು ಮೀಟರ್ ವ್ಯತ್ಯಾಸ ಸುಮ್ನೆ ನಿಮ್ಮ ಆಯ್ಕೆಯಿಂದ ಬಂತು. ಫೀಲ್ಡಿನಲ್ಲಿ ನಿಂತು ದಿಣ್ಣೆ ಎಲ್ಲಿದೆ, ಹಳ್ಳ ಎಲ್ಲಿದೆ ನೋಡಿ ಬಿಂದು ತೆಗೆದುಕೊಂಡವನಿಗೆ ತ್ರಿಕೋನ ಒಳ್ಳೆಯದು. ಆಕಾಶದಿಂದ ಬಂದ ಗ್ರಿಡ್‌ಗೆ ಬೈಲೀನಿಯರ್ ಸಾಕು.

ಪಿ.ಜೆ. ಬಡಾವಣೆ ಸ್ಟುಡಿಯೋ
ಫೋಟೋದವರ ಕಡೆಯಿಂದ ಒಂದು ಮಾತು. ಹಬ್ಬ ಬಂತು ಅಂದರೆ ವಾಟ್ಸಾಪ್‌ನಲ್ಲಿ ಬಂದ ಚಿಕ್ಕ ಫೋಟೋ ಕೊಟ್ಟು 'ಹತ್ತಡಿ ಫ್ಲೆಕ್ಸ್ ಮಾಡಿಕೊಡಿ' ಅನ್ನುವವರೇ ಎಲ್ಲರೂ. ನಿಯರೆಸ್ಟ್‌ನಲ್ಲಿ, ಅಂದರೆ ಹತ್ತಿರದ ಪಿಕ್ಸೆಲ್ಲನ್ನೇ ಎತ್ತಿಕೊಂಡು, ಹಿಗ್ಗಿಸಿದರೆ ಮುಖ ಚೌಕ ಚೌಕ. ಬೈಲೀನಿಯರ್‌ನಲ್ಲಿ ಚೌಕ ಹೋಗುತ್ತದೆ, ಆದರೆ ಮಸುಕು. ಬೈಕ್ಯೂಬಿಕ್ ಸುತ್ತಲಿನ 16 ಪಿಕ್ಸೆಲ್ ನೋಡುತ್ತದೆ, ಅಂಚು ಸ್ವಲ್ಪ ಚೂಪು ಬರುತ್ತದೆ. ಆದರೆ ಬಿಳಿ ಗೋಡೆ ಮುಂದೆ ಕಪ್ಪು ಅಕ್ಷರ ಇದ್ದರೆ ಅಕ್ಷರದ ಸುತ್ತ ಬೆಳಕಿನ ಗೆರೆ ಹುಟ್ಟುತ್ತದೆ. ಕ್ಯೂಆರ್ ಕೋಡ್ ಹಿಗ್ಗಿಸುವಾಗ ಮಾತ್ರ ನಿಯರೆಸ್ಟೇ ಬೇಕು, ಚೌಕ ಚೌಕವಾಗಿಯೇ ಉಳಿಯಬೇಕಲ್ಲ.

ನನಗೆ ಅರ್ಥವಾಗದ್ದು ಇನ್ನೊಂದು. ದೊಡ್ಡ ಫೋಟೋವನ್ನು ಚಿಕ್ಕದು ಮಾಡುವಾಗ ಬೈಲೀನಿಯರ್ ಹಾಕಿದರೆ ರೇಷ್ಮೆ ಸೀರೆಯ ಚೌಕುಳಿಯಲ್ಲಿ ಅಲೆ ಅಲೆ ವಿನ್ಯಾಸ ಬರುತ್ತದೆ. ಸೀರೆಯಲ್ಲಿ ಅದು ಇಲ್ಲವೇ ಇಲ್ಲ. ಯಾಕೆ?

ಕೋಡ್ ಬರೆಯೋನು
ಚಿಕ್ಕದು ಮಾಡುವಾಗ ಬೈಲೀನಿಯರ್ ಬೇಡ ಸರ್, ಅಥವಾ ಯಾವ ಬೈಲೀನಿಯರ್ ಅಂತ ನೋಡಿ ಹಾಕಬೇಕು. 4000 ಪಿಕ್ಸೆಲ್ ಅಗಲವನ್ನು 400 ಮಾಡಿದರೆ, ಹೊಸ ಒಂದು ಪಿಕ್ಸೆಲ್ ಹಳೆಯ 10 × 10, ಅಂದರೆ 100 ಪಿಕ್ಸೆಲ್‌ಗಳ ಪ್ರತಿನಿಧಿ. ಬೈಲೀನಿಯರ್ ಅದರಲ್ಲಿ ನಾಲ್ಕನ್ನು ಮಾತ್ರ ಕೇಳುತ್ತದೆ. ಉಳಿದ 96ಕ್ಕೆ ಬೆಲೆಯೇ ಇಲ್ಲ. ಜರಿ ಎಳೆ ಆ ನಾಲ್ಕರಲ್ಲಿ ಬಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಎಳೆಗಳು ಒಂದು ಕಡೆ ಕಾಣಿಸಿ ಇನ್ನೊಂದು ಕಡೆ ಮಾಯವಾಗಿ ಅಲೆ ಹುಟ್ಟುತ್ತದೆ.

ಮಜಾ ಏನೆಂದರೆ ಹೆಸರು ಒಂದೇ ಆದರೂ ಸಾಫ್ಟ್‌ವೇರ್ ನಡವಳಿಕೆ ಬೇರೆ. ಓಪನ್‌ಸಿವಿ ಅನ್ನುವ ಚಿತ್ರದ ಲೈಬ್ರರಿಯಲ್ಲಿ ಲೀನಿಯರ್ ಅಂತ ಕೊಟ್ಟರೆ ನಾಲ್ಕೇ ಪಿಕ್ಸೆಲ್. ಅಲ್ಲಿ ಚಿಕ್ಕದು ಮಾಡಲು 'ಏರಿಯಾ' ಆಯ್ಕೆ ಇದೆ, ಅದು ಇಡೀ ಜಾಗದ ಸರಾಸರಿ ತೆಗೆಯುತ್ತದೆ. ಪಿಲ್ಲೋ ಲೈಬ್ರರಿಯ ರೀಸೈಜ್‌ನಲ್ಲಿ ಬೈಲೀನಿಯರ್ ಅಂದರೆ, ಚಿಕ್ಕದು ಮಾಡುವಾಗ ತಾನೇ ಕೈ ಅಗಲ ಮಾಡಿಕೊಂಡು ಜಾಸ್ತಿ ಪಿಕ್ಸೆಲ್ ಸೇರಿಸಿಕೊಳ್ಳುತ್ತದೆ. ಒಂದೇ ಫೋಟೋ ಎರಡರಲ್ಲೂ ಹಾಕಿ ನೋಡಿ, ಸೀರೆ ಬೇರೆ ಬೇರೆ ಕಾಣುತ್ತದೆ. ಅರ್ಧದವರೆಗೆ ಚಿಕ್ಕದು ಮಾಡಲು ನಾಲ್ಕೇ ಪಿಕ್ಸೆಲ್ಲಿನದೂ ಪರವಾಗಿಲ್ಲ. ಅದಕ್ಕಿಂತ ಕೆಳಗೆ ಬೇಡ.

ಪಿ.ಜೆ. ಬಡಾವಣೆ ಸ್ಟುಡಿಯೋ
ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟು ಮದುವೆ ಆಲ್ಬಂ ಉಳಿಯುತ್ತಿತ್ತೋ.

ಫ್ಯಾನ್ ಗುಡ್ಡ
ನಾನು ಚಿತ್ರದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರಗಳ ಡೇಟಾ ನೋಡುವ ಕೆಲಸದವನು. ಗಾಳಿಯ ವೇಗಕ್ಕೆ ಬೈಲೀನಿಯರ್ ಹಾಕುತ್ತೇವೆ, ಸಮಸ್ಯೆ ಇಲ್ಲ. ದಿಕ್ಕಿಗೆ ಹಾಗೇ ಹಾಕಿದರೆ ಮಾತ್ರ ಎಡವಟ್ಟು. ಒಂದು ಬಿಂದುವಿನಲ್ಲಿ 350 ಡಿಗ್ರಿ, ಪಕ್ಕದಲ್ಲಿ 10 ಡಿಗ್ರಿ. ಎರಡೂ ಉತ್ತರದ ಗಾಳಿಯೇ. ನಡುವಿನದು ಲೆಕ್ಕದಲ್ಲಿ 180. ನೇರ ದಕ್ಷಿಣ! ಹಾಗಾಗಿ ಗಾಳಿಯನ್ನು ಪೂರ್ವ-ಪಶ್ಚಿಮ ಮತ್ತು ಉತ್ತರ-ದಕ್ಷಿಣ ಅಂತ ಎರಡು ತುಂಡು ಮಾಡಿ, ಎರಡಕ್ಕೂ ಬೇರೆ ಬೇರೆ ಬೈಲೀನಿಯರ್ ಹಾಕಿ, ಕೊನೆಗೆ ದಿಕ್ಕು ತೆಗೆಯುತ್ತೇವೆ. ಇಳಿಜಾರು ಯಾವ ದಿಕ್ಕಿಗೆ ಮುಖ ಮಾಡಿದೆ ಅನ್ನುವ ನಕ್ಷೆಗೂ ಇದೇ ನಿಯಮ.

ನಕ್ಷೆ ಅಕ್ಕ
ಕೋಡ್ ಹಾಕಿದ ನಕ್ಷೆಗಳನ್ನೂ ಇದಕ್ಕೆ ಸೇರಿಸಿ. ಮಣ್ಣಿನ ನಕ್ಷೆಯಲ್ಲಿ 1 ಕೆಂಪು ಮಣ್ಣು, 2 ಕೆರೆ, 3 ಕಪ್ಪು ಮಣ್ಣು ಅಂತ ಇದ್ದರೆ, ಕೆಂಪು ಮತ್ತು ಕಪ್ಪಿನ ನಡುವೆ ಬೈಲೀನಿಯರ್ 2 ಕೊಡುತ್ತದೆ. ಎರಡು ಹೊಲದ ನಡುವೆ ಉದ್ದಕ್ಕೂ ಕೆರೆ! ಇಂಥದ್ದಕ್ಕೆ ನಿಯರೆಸ್ಟ್ ಒಂದೇ ದಾರಿ. ಕ್ಯೂಜಿಐಎಸ್ ನಕ್ಷೆ ಸಾಫ್ಟ್‌ವೇರ್‌ನಲ್ಲಿ ನಕ್ಷೆಯ ಪ್ರೊಜೆಕ್ಷನ್ ಬದಲಿಸುವಾಗ ನಿಯರೆಸ್ಟ್ ತಾನಾಗಿಯೇ ಇರುತ್ತದೆ, ಮಣ್ಣಿನ ನಕ್ಷೆಗೆ ಹಾಗೇ ಬಿಡಿ. ಎತ್ತರದ ಫೈಲ್ ಆದರೆ ಬದಲಿಸಿ, ಇಲ್ಲದಿದ್ದರೆ ಹಿಲ್‌ಶೇಡ್ (ಗುಡ್ಡದ ಬೆಳಕು-ನೆರಳಿನ ಚಿತ್ರ) ಮಾಡಿದಾಗ ಪಟ್ಟೆ ಪಟ್ಟೆ ಕಾಣುತ್ತದೆ.

ಚಳ್ಳಕೆರೆ ಶೇಂಗಾ
ಮಳೆ ಬಗ್ಗೆ ಕೇಳುತ್ತೇನೆ. ಹವಾಮಾನ ಇಲಾಖೆಯ ಗ್ರಿಡ್ ಮಳೆ ಡೇಟಾ ಸಿಗುತ್ತದೆ, 0.25 ಡಿಗ್ರಿಗೊಂದು ಬಿಂದು, 1901ರಿಂದ ದಿನದಿನದ್ದು. ನಮ್ಮ ಊರು ನಾಲ್ಕು ಬಿಂದುಗಳ ನಡುವೆ ಇದೆ. ಬೈಲೀನಿಯರ್ ಹಾಕಿ ನಮ್ಮೂರಿನ ಮಳೆ ತೆಗೆಯಬಹುದಾ?

ನಕ್ಷೆ ಅಕ್ಕ
ಇಡೀ ಮುಂಗಾರಿನ ಒಟ್ಟು ಮಳೆಗೆ ಹಾಕಿ, ಬೇಸರವಿಲ್ಲ. ದಿನದ ಮಳೆಗೆ ಬೇಡ. ಯಾಕೆ ಅಂತ ಅಂಕಿಯಲ್ಲೇ ನೋಡಿ. ಒಂದು ಚೌಕದ ಬದಿ ಸುಮಾರು 27 ಕಿಲೋಮೀಟರ್. ಮೂರು ಮೂಲೆಯಲ್ಲಿ ಸೊನ್ನೆ, ಒಂದರಲ್ಲಿ 60 ಮಿ.ಮೀ. ಅಂದುಕೊಳ್ಳಿ. ನಮ್ಮ ಕಡೆಯ ಗುಡುಗು ಮಳೆ ಹಾಗೆಯೇ ಅಲ್ವಾ, ಒಂದೂರಲ್ಲಿ ಸುರಿದರೆ ಪಕ್ಕದೂರಲ್ಲಿ ಧೂಳು. ಬೈಲೀನಿಯರ್ ಹಾಕಿದರೆ ನಟ್ಟನಡುವೆ 15 ಮಿ.ಮೀ. ಇಲಾಖೆ 2.5 ಮಿ.ಮೀ. ದಾಟಿದರೆ ಮಳೆ ದಿನ ಅಂತ ಎಣಿಸುತ್ತದೆ. ಆ ಲೆಕ್ಕದಲ್ಲಿ ಚೌಕದ ಐದರಲ್ಲಿ ನಾಲ್ಕು ಪಾಲು ಜಾಗಕ್ಕೂ ಅಂದು ಮಳೆ ದಿನ ಆಗಿಬಿಡುತ್ತದೆ. ಜೋರು ಮಳೆ ಕಮ್ಮಿ, ತುಂತುರು ಜಾಸ್ತಿ, ಒಣ ದಿನ ಕಮ್ಮಿ. ಚಳ್ಳಕೆರೆಯವರಿಗೆ ಇದಕ್ಕಿಂತ ದೊಡ್ಡ ಸುಳ್ಳು ಬೇಕಾ?

ಅಲ್ಲದೆ ಆ ಗ್ರಿಡ್ ಕೂಡ ಅಲ್ಲಲ್ಲಿ ಇರುವ ಮಳೆಮಾಪಕಗಳಿಂದ ದೂರಕ್ಕೆ ತಕ್ಕ ಪಾಲು ಕೊಟ್ಟು ತಯಾರಿಸಿದ್ದು. ಅದರ ಮೇಲೆ ನೀವು ಮತ್ತೊಮ್ಮೆ ಸವರುತ್ತಿದ್ದೀರಿ.

ಚಳ್ಳಕೆರೆ ಶೇಂಗಾ
ಹಾಗಾದರೆ ನೇರವಾಗಿ ಅಕ್ಕಪಕ್ಕದ ಮಳೆಮಾಪಕಗಳ ನಡುವೆ ಬೈಲೀನಿಯರ್?

ಲೆವೆಲ್ ಮೇಷ್ಟ್ರು
ಆಗುವುದಿಲ್ಲಪ್ಪ. ಮಳೆಮಾಪಕಗಳು ಸಾಲಾಗಿ ಆಯತದ ಮೂಲೆಯಲ್ಲಿ ನಿಂತಿಲ್ಲ. ಚದುರಿದ ಬಿಂದುಗಳಿಗೆ ತೀಸನ್ ಪಾಲಿಗನ್ (ಪ್ರತಿ ಜಾಗಕ್ಕೆ ಹತ್ತಿರದ ಮಾಪಕದ ಅಂಕಿ), ದೂರದ ವಿಲೋಮ ಪಾಲು, ಕ್ರಿಗಿಂಗ್ ಅನ್ನುವ ಸಂಖ್ಯಾಶಾಸ್ತ್ರದ ವಿಧಾನ, ಇಲ್ಲವೇ ಆಗಲೇ ಹೇಳಿದ ತ್ರಿಕೋನದ ಜಾಲ. ಹತ್ತಿರದಲ್ಲೇ ಮಳೆಮಾಪಕ ಇದ್ದರೆ ಅದರ ಅಂಕಿಯನ್ನೇ ಹಾಗೇ ಬರೆದುಕೋ.

ತೋಟದ ಹುಡುಗ
ವಾಪಸ್ ನನ್ನ ಪೈಪಿಗೆ ಬರುತ್ತೇನೆ. ಎರಡು ಸಮಸ್ಯೆ ಉಳಿದಿವೆ. ಒಂದು, ಹಾದಿಯ ಒಂದು ಕಡೆ ಎತ್ತರ ಮೈನಸ್ 2,600 ಬರುತ್ತಿದೆ. ಎರಡು, ಒಂದು ಆ್ಯಪ್‌ನಲ್ಲಿ ಬರುವ ಎತ್ತರವೂ ನನ್ನ ಬೈಲೀನಿಯರ್ ಎತ್ತರವೂ ಇಳಿಜಾರಿನಲ್ಲಿ ಮಾತ್ರ ಹೊಂದುವುದಿಲ್ಲ. ಸಮತಟ್ಟು ಜಾಗದಲ್ಲಿ ಸರಿಯಾಗಿಯೇ ಇದೆ.

ಕೋಡ್ ಬರೆಯೋನು
ಮೊದಲನೆಯದು ಸುಲಭ. ಎಸ್‌ಆರ್‌ಟಿಎಂನಲ್ಲಿ ಡೇಟಾ ಸಿಗದ ಜಾಗಕ್ಕೆ −32768 ಅಂತ ಬರೆದಿರುತ್ತಾರೆ. ನಾಲ್ಕರಲ್ಲಿ ಒಂದು ಮೂಲೆ ಅದಾಗಿ, ಅದಕ್ಕೆ 0.10 ಪಾಲು ಬಿದ್ದರೂ ಸಾಕು, ಗುಡ್ಡ ಪಾತಾಳಕ್ಕೆ ಹೋಗುತ್ತದೆ. ಲೆಕ್ಕಕ್ಕೆ ಮುಂಚೆಯೇ ನೋಡಿ. ಒಂದು ಮೂಲೆ ಖಾಲಿ ಇದ್ದರೆ ಉಳಿದ ಮೂರರ ಪಾಲನ್ನು ಒಟ್ಟು 1 ಆಗುವಂತೆ ಹಿಗ್ಗಿಸಿಕೊಳ್ಳಬಹುದು. ಎರಡಕ್ಕಿಂತ ಜಾಸ್ತಿ ಖಾಲಿ ಇದ್ದರೆ ಉತ್ತರ ಕೊಡದಿರುವುದೇ ವಾಸಿ.

ಎರಡನೆಯದು ಅರ್ಧ ಪಿಕ್ಸೆಲ್ ಕಾಯಿಲೆ ಅನಿಸುತ್ತದೆ. ಇಳಿಜಾರಿನಲ್ಲಿ ಮಾತ್ರ ತಪ್ಪು ಅಂದರೆ ಗ್ರಿಡ್ ಪಕ್ಕಕ್ಕೆ ಸರಿದಿದೆ ಅಂತಲೇ ಅರ್ಥ. ಎಸ್‌ಆರ್‌ಟಿಎಂನ ಮೂಲ ಫೈಲ್‌ನಲ್ಲಿ ಅಂಕಿ ಇರುವುದು ಗ್ರಿಡ್ ಗೆರೆಗಳು ಸೇರುವ ಬಿಂದುವಿನಲ್ಲಿ. ಜಿಯೋಟಿಫ್ (ಜಾಗದ ಗುರುತು ಇರುವ ಚಿತ್ರ ಫೈಲ್) ತೆರೆಯುವ ಸಾಫ್ಟ್‌ವೇರ್ ಸಾಮಾನ್ಯವಾಗಿ ಪಿಕ್ಸೆಲ್‌ನ ಎಡಮೇಲಿನ ಮೂಲೆಯಿಂದ ಎಣಿಸುತ್ತದೆ, ಅಂಕಿ ಇರುವುದು ಪಿಕ್ಸೆಲ್ ನಡುವೆ. 0.5 ಕಳೆಯುವುದು ಮರೆತರೆ ಅರ್ಧ ಪಿಕ್ಸೆಲ್ ಜರುಗುತ್ತದೆ. ನಿಮ್ಮದು ಯಾವ ಫೈಲ್? ಸಾಲು 1201 ಇದ್ದರೆ 90 ಮೀಟರಿನದು, ಜರುಗಿದ್ದು 45 ಮೀಟರ್. ನಿಮ್ಮ ಚೌಕದ ಉತ್ತರದ ಅಂಚಿನಲ್ಲಿ 90 ಮೀಟರಿಗೆ 18 ಏರು, ಅಂದರೆ ತಪ್ಪು 9 ಮೀಟರ್. 3601 ಸಾಲಿನ 30 ಮೀಟರ್ ಫೈಲೂ ಉಚಿತವಾಗಿ ಸಿಗುತ್ತದೆ, ಅದನ್ನೇ ಇಳಿಸಿಕೊಳ್ಳಿ. ಮತ್ತೆ ಇನ್ನೊಂದು: ಫೈಲ್‌ನ ಮೊದಲ ಸಾಲು ಉತ್ತರದ್ದು, ದಕ್ಷಿಣದ್ದಲ್ಲ. ಉ ಲೆಕ್ಕ ತಲೆಕೆಳಗಾಗದಂತೆ ನೋಡಿಕೊಳ್ಳಿ.

ತೋಟದ ಹುಡುಗ
1201ರದೇ. 30 ಮೀಟರಿನದು ಇಳಿಸುತ್ತೇನೆ. ಆದರೆ ನಮ್ಮ ಕಡೆಗೆ ಎರಡು ಫೈಲ್ ಬೇಕಾಗುತ್ತಿದೆ ಅಣ್ಣ, ಯಾಕೋ.

ಕೋಡ್ ಬರೆಯೋನು
76 ಡಿಗ್ರಿ ರೇಖಾಂಶದ ಗೆರೆ ದಾವಣಗೆರೆ ಊರಿಂದ ಪೂರ್ವಕ್ಕೆ ಎಂಟೊಂಬತ್ತು ಕಿಲೋಮೀಟರಿನಲ್ಲೇ ಹಾದುಹೋಗುತ್ತದೆ. ಒಂದೊಂದು ಡಿಗ್ರಿಗೆ ಒಂದು ಫೈಲ್. ದಾವಣಗೆರೆ 75ರ ಫೈಲ್‌ನಲ್ಲಿ, ಚಿತ್ರದುರ್ಗ 76ರ ಫೈಲ್‌ನಲ್ಲಿ. ಗೆರೆ ಮೇಲಿನ ಕಂಬಸಾಲು ಎರಡರಲ್ಲೂ ಇರುತ್ತದೆ, 3600 ಅಲ್ಲದೆ 3601 ಇರುವುದು ಅದಕ್ಕೇ. ಆದ್ದರಿಂದ ಪ್ರತಿ ಜಾಗದ ನಾಲ್ಕು ಮೂಲೆಯೂ ಒಂದೇ ಫೈಲ್‌ನಲ್ಲಿ ಸಿಗುತ್ತವೆ. ಜಾಗ ಯಾವ ಫೈಲ್‌ನದು ಅಂತ ನೋಡಿ ಅದನ್ನು ತೆರೆದರೆ ಸಾಕು, ಜೋಡಿಸುವ ಗೋಜು ಬೇಡ.

ಲೆವೆಲ್ ಮೇಷ್ಟ್ರು
ಎಲ್ಲ ಸರಿಯಾದ ಮೇಲೆ 643.1 ಅಂತ ಬಂದರೆ ಆ ದಶಮಾಂಶಕ್ಕೆ ಕೈ ಮುಗಿದು ಪಕ್ಕಕ್ಕೆ ಇಡು. ಈ ಎತ್ತರಗಳನ್ನು 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆಯಿಂದ ರೇಡಾರ್‌ನಲ್ಲಿ ಅಳೆದದ್ದು. ಶೇಕಡ 90ರಷ್ಟು ಜಾಗದಲ್ಲಿ ತಪ್ಪು 16 ಮೀಟರ್ ಒಳಗೆ ಇರಬೇಕು ಅನ್ನುವುದು ಅವರ ಗುರಿಯಾಗಿತ್ತು. ರೇಡಾರ್ ಮರದ ನೆತ್ತಿಯನ್ನೂ ಎಣಿಸುತ್ತದೆ. ಹಳೆಯ ತೋಪು ಇದ್ದ ಕಡೆ ನೆಲ ಎತ್ತರವಾಗಿ ಕಾಣುತ್ತದೆ. ಫೋನಿನ ಜಿಪಿಎಸ್ ಎತ್ತರದ ಜೊತೆ ಹೋಲಿಸಲು ಹೋಗಬೇಡ, ಅದರ ಮೂಲ ಮಟ್ಟವೇ ಬೇರೆ ಇರಬಹುದು, ನಮ್ಮ ಕಡೆ ಹತ್ತಾರು ಮೀಟರ್ ವ್ಯತ್ಯಾಸ ಬರುತ್ತದೆ.

ಬೈಲೀನಿಯರ್‌ನಿಂದ ಪೈಪ್ ಯಾವ ಹಾದಿಯಲ್ಲಿ ಹೋದರೆ ಏರು ಕಮ್ಮಿ, ನಡುವೆ ದಿಣ್ಣೆ ಇದೆಯಾ ಅಂತ ನೋಡಿಕೋ. ಮೋಟರಿನ ಹೆಡ್ (ನೀರು ಎತ್ತಬೇಕಾದ ಒಟ್ಟು ಎತ್ತರ) ಮಾತ್ರ ಅದರಿಂದ ತೆಗೆಯಬೇಡ. ಡಂಪಿ ಲೆವೆಲ್ ಇಟ್ಟುಕೊಂಡ ಸರ್ವೆಯವರನ್ನು ಅರ್ಧ ದಿನ ಕರೆಸು. ಇಲ್ಲದಿದ್ದರೆ ಮೇಸ್ತ್ರಿಗಳ ಟ್ಯೂಬ್ ಲೆವೆಲ್ ಹಿಡಿದು ಇಬ್ಬರು ಹಂತ ಹಂತವಾಗಿ ಹತ್ತಿ. ಅದರ ಮೇಲೆ ಬೋರಿನೊಳಗೆ ನೀರು ಎಷ್ಟು ಆಳದಲ್ಲಿದೆ ಅನ್ನುವುದನ್ನು ಸೇರಿಸು, ಬೇಸಿಗೆಯ ಆಳ ಹಿಡಿ. ಪೈಪಿನ ಘರ್ಷಣೆಯನ್ನೂ ಸೇರಿಸು.

ತೋಟದ ಹುಡುಗ
ಸರಿ ಮೇಷ್ಟ್ರೇ. 30 ಮೀಟರ್ ಫೈಲ್ ಹಾಕಿ ಎರಡು ಹಾದಿ ಹೋಲಿಸಿದೆ. ಪೂರ್ವದ ಬದುವಿನ ಪಕ್ಕದ ಹಾದಿ ಸ್ವಲ್ಪ ಉದ್ದ, ಆದರೆ ನಡುವೆ ಏರಿಳಿತ ಇಲ್ಲ. ಲೆವೆಲ್ ಹಿಡಿಯುವವರಿಗೆ ಆ ಹಾದಿಯನ್ನೇ ತೋರಿಸುತ್ತೇನೆ. ಗುರುವಾರ ಬರುತ್ತಾರಂತೆ.

ಕಾರ್ಬುರೇಟರ್ ಕಾಲ
ಮೋಟರ್ ತರುವಾಗ ಹೇಳು ಗುರುವೇ, ಗಾಡಿ ನನ್ನದೇ ಇದೆ.